ಶೆಟ್ಟೆಪ್ಪನ ಗಡಿಗೆಯ ನೀರು

"ಅದನ್ನ ಮುಟ್ಟಬ್ಯಾಡ್ರಿ ಬಾಯಾರ!" ಸತ್ತೆವ್ವ ಒಳಗಿನಿಂದ ಓಡಿ ಬಂದಳು.

ಗಡಿಗೆಗೆ ಕೈ ಚಾಚಿದ್ದ ಐಶ್ವರ್ಯ ಹಾಗೇ ನಿಂತಳು. ಸೊಳ್ಳೆಗಳ ಬಗ್ಗೆ ಸಂಶೋಧನೆ ಮಾಡುವ ಆಕೆ ಮೇಲವಂಕಿ ಊರಿನ ಮನೆಮನೆ ತಿರುಗಿ ಅವುಗಳ ಮರಿ ಹಿಡಿಯುತ್ತಿದ್ದಳು. ಪಡಸಾಲೆಯ ಮೂಲೆಯಲ್ಲಿ ದೀಪ, ಪಕ್ಕದಲ್ಲಿ ಸಣ್ಣ ಮಣ್ಣಿನ ಗಡಿಗೆ. ಸತ್ತೆವ್ವನ ಗಂಡ ಶೆಟ್ಟೆಪ್ಪ ಡೆಂಗಿ ಜ್ವರದಲ್ಲಿ ಜೀವ ಬಿಟ್ಟ ಜಾಗವದು. ಸತ್ತವರಿಗೆ ಬಾಯಾರುತ್ತದೆಂದು ದಿವಸದ ಕರ್ಮ ಮುಗಿಯುವವರೆಗೆ ನೀರಿಡುವುದು ಆ ಮನೆಯ ರೂಢಿ. ದಿವಸ ಮುಗಿದು ತಿಂಗಳುಗಳಾದರೂ ಸತ್ತೆವ್ವ ತೆಗೆದಿರಲಿಲ್ಲ, ಇಂಗಿದಷ್ಟು ತುಂಬಿಸುತ್ತಿದ್ದಳು.

ಶೆಟ್ಟೆಪ್ಪ ಊರಿಗೆಲ್ಲ ಸೊಳ್ಳೆ ಔಷಧ ಹೊಡೆಯುತ್ತಿದ್ದವನು. ಅವನ ಹೊಗೆಗೆ ಸೊಳ್ಳೆಗಿಂತ ಮೊದಲು ಬೀಗರು ಊರು ಬಿಡುತ್ತಾರೆಂದು ಜನ ನಗುತ್ತಿದ್ದರು. ಅಂಥವನನ್ನೇ ಸೊಳ್ಳೆ ಕೊಂದಿತು. ಅನ್ಯಾಯವೆಂದರೆ ಇದು.

"ಅವರು ಬರ್ತಾರ್ರಿ," ಸತ್ತೆವ್ವ ದನಿ ತಗ್ಗಿಸಿದಳು. "ಗಾಳಿ ಇಲ್ದಾಗೂ ನೀರು ಅಲಗತೈತಿ. ನಾನ ಕಣ್ಣಾರೆ ನೋಡೇನಿ."

ಐಶ್ವರ್ಯ ಗಡಿಗೆಯೊಳಗೆ ಬ್ಯಾಟರಿಯ ಬೆಳಕು ಬಿಟ್ಟಳು. ಬೆಳಕು ಬಿದ್ದದ್ದೇ ಹುಳಗಳು ನುಲಿಯುತ್ತ ತಳಕ್ಕಿಳಿದವು. ನೀರು ಅಲುಗಿತು.

"ಗುಂಗಾಡದ ಮರಿ ಅದಾವ್ರಿ ಅಕ್ಕಾರ, ಸೊಳ್ಳಿ ಹುಳ."

"ಇದರಾಗ ಹೆಂಗಿರ್ತಾವ್ರಿ? ನೀರಿದ್ದಲ್ಲೆಲ್ಲಾ ಹಾಕಂತ ಅವರು ಔಷಧ ಕೊಟ್ಟಿದ್ರು. ಇದಕ್ಕೂ ಹಾಕೇನಿ."

"ಆ ಔಷಧಕ್ಕ ಇವು ಈಗ ಸಾಯೂದಿಲ್ರಿ. ಇವುಗಳ ಹೊಟ್ಟ್ಯಾಗ ಕಣ್ಣಿಗೆ ಕಾಣದ ಜೀವ ಇರ್ತಾವು, ಬ್ಯಾಕ್ಟೀರಿಯಾ. ಔಷಧ ತಾಳಕೊಂಡು ಉಳದ ಹುಳದಾಗ ಅವೂ ಬದಲಾಗ್ಯಾವು. ಮೊದಲಿದ್ದ ಬ್ಯಾಕ್ಟೀರಿಯಾ ಹೋಗಿ ಬ್ಯಾರೆ ಜಾತಿಯವು ಮನಿ ಮಾಡ್ಯಾವು. ಅವು ಈ ವಿಷಾ ಕರಗಸ್ತಾವೇನೋ ಅಂತ ನಮಗ ಅನುಮಾನ ಐತಿ."

ಸತ್ತೆವ್ವ ಗಡಿಗೆಯೊಳಗೆ ಬಗ್ಗಿ ನೋಡಿದಳು. "ಅಂದ್ರ, ಅವರು ಹೊಡದ ಔಷಧಾನ ಇವನ್ನ ಸಾಕೇತೇನ್ರಿ?"

ಐಶ್ವರ್ಯ ಬ್ಯಾಟರಿ ಆರಿಸಿದಳು. ಒಳಕೋಣೆಯಲ್ಲಿ ಸತ್ತೆವ್ವನ ಮಗಳು ಮಾಯಾ ನರಳಿದಳು. ಅವಳಿಗೂ ನಿನ್ನೆಯಿಂದ ಜ್ವರ.

"ಒಬ್ಬರು ಹೋಗ್ಯಾರ. ಇನ್ನೊಬ್ಬಾಕಿ ಒಳಗ ಮಲಗ್ಯಾಳ. ಚೆಲ್ಲಿಬಿಡ್ರಿ ಅಕ್ಕಾರ."

"ಅವರು ಬಂದು, ನೀರಿಲ್ದ ಹೊಳ್ಳಿ ಹೋದ್ರ?"

ಸತ್ತೆವ್ವ ಗಡಿಗೆಯನ್ನು ಎದೆಗವಚಿಕೊಂಡು ಅಂಗಳಕ್ಕೆ ನಡೆದಳು. "ಸಿಟ್ಟಾಗಬ್ಯಾಡ್ರಿ," ಎಂದಳು. ಐಶ್ವರ್ಯಳಿಗೆ ಹೇಳಿದ್ದಲ್ಲ. ಕಾದ ಹಾಸುಗಲ್ಲಿನ ಮೇಲೆ ನೀರು ಸುರಿದಳು. ಹುಳಗಳು ಒದ್ದಾಡಿ ಒದ್ದಾಡಿ ನಿಂತವು. ಕಲ್ಲು ಒಣಗುವ ತನಕ ಪಕ್ಕದಲ್ಲೇ ಕುಳಿತು ಅತ್ತಳು. ಗಂಡ ಸತ್ತ ದಿನವೂ ಅವಳು ಅಷ್ಟು ಅತ್ತಿರಲಿಲ್ಲ.

"ಅವ್ವಾ, ನೀರ..." ಒಳಗಿನಿಂದ ಮಾಯಾ ಕೂಗಿದಳು.

ಸತ್ತೆವ್ವ ಕಣ್ಣೊರೆಸಿಕೊಂಡು ಎದ್ದು ಲೋಟ ತುಂಬಿಸಿದಳು. ಮಗಳು ಕೈ ಚಾಚಿದಳು. ಲೋಟದ ನೀರು ಅಲುಗಿತು. ಅದು ನಿಲ್ಲಲೆಂದು ಸತ್ತೆವ್ವ ಕಾದಳು. ತಳದಲ್ಲಿ ಹುಳವಿಲ್ಲವೆಂದು ನೋಡಿಯೇ ಮಗಳ ಕೈಗೆ ಕೊಟ್ಟಳು.