ಹೆಲ್ಪರ್ ಇಲ್ಲದ ದೇಶ

ವೆಲ್ಡಿಂಗ್ ರಾಡ್ ಮುಗಿದೊಡನೆ ಪರಮೇಶ್ ಅದನ್ನು ಕಚ್ಚಿಹಿಡಿದಿದ್ದ ಹೋಲ್ಡರನ್ನು ಹಿಂದಕ್ಕೆ ಚಾಚಿದ. ಅದು ಗಾಳಿಯಲ್ಲೇ ನಿಂತಿತು. ಹೊಸ ರಾಡ್ ಸಿಕ್ಕಿಸುವವರು ಹಿಂದೆ ಯಾರೂ ಇರಲಿಲ್ಲ.

"ಯಾರಿಗ್ ಕಾಯ್ತಿದೀರಿ ಯಜಮಾನ್ರೇ? ಅಸಿಸ್ಟೆಂಟ್ ಬರ್ಬೇಕಾ?" ಎಂದ ಪರೀಕ್ಷಕ ಧರ್ಮೇಂದ್ರ. ಸಾಲಿನಲ್ಲಿದ್ದವರು ನಕ್ಕರು.

ಪೋಲೆಂಡಿನ ಹಡಗು ಕಟ್ಟುವ ಕಂಪನಿಯೊಂದಕ್ಕೆ ಶಿವಮೊಗ್ಗದಲ್ಲಿ ವೆಲ್ಡರುಗಳನ್ನು ಆರಿಸುತ್ತಿದ್ದರು. ನಲವತ್ತು ನಿಮಿಷದ ಕೆಲಸಕ್ಕೆ ಪರಮೇಶ್ ಐವತ್ತೆರಡು ನಿಮಿಷ ತೆಗೆದುಕೊಂಡ. ಧರ್ಮೇಂದ್ರ ಬೆಸುಗೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಕೈ ಚೆನ್ನಾಗಿದೆ. ಅದಕ್ಕೇ ಇನ್ನೊಂದ್ಸಲ ಕರೀತಿದೀನಿ, ಸೋಮವಾರ ಬನ್ನಿ. ಆದ್ರೆ ಅಲ್ಲಿ ಹೆಲ್ಪರ್ ಅಂತ ಯಾರೂ ಇರಲ್ಲ."

"ಯಾಕ್ ಸಾರ್?"

"ಅಲ್ಲಿ ಜನ ಕಮ್ಮಿ, ಕೂಲಿ ಜಾಸ್ತಿ. ಇಲ್ಲಿ ಒಂದು ಗೇಟಿಗೆ ಮೂರು ಜನ ನಿಲ್ತೀರಿ."

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಸಾವಿತ್ರಮ್ಮನವರ ಗ್ರಿಲ್ ಶೆಡ್. ಪರಮೇಶ್ ಅಲ್ಲಿ ವೆಲ್ಡರ್. ಅವನ ಸೋದರಮಾವ ಭೂತಪ್ಪ ಹೆಲ್ಪರ್. ಹಿಂದೆ ಊರಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸದಲ್ಲೂ ಇಬ್ಬರೂ ಹಾಗೆಯೇ ಇದ್ದವರು. ಒಟ್ಟು ಹದಿನಾಲ್ಕು ವರ್ಷ. ಹೊಸ ರಾಡ್ ಸಿಕ್ಕಿಸುವುದು, ಬೆಸುಗೆಯನ್ನು ಉಜ್ಜಿ ಹೊಳೆಯಿಸುವುದು ಭೂತಪ್ಪನ ಕೆಲಸ. ರಾಡ್ ಮುಗಿಯುವುದನ್ನು ಅವನು ಸದ್ದಿನಿಂದಲೇ ತಿಳಿಯುತ್ತಿದ್ದ. ಅವನಿಗೆ ಐವತ್ತೆಂಟು. ಬೇರೆ ಕೆಲಸ ಬಾರದು.

ನಡೆದದ್ದನ್ನು ಕೇಳಿ, "ನಿನ್ನ ಕೆಡಿಸಿದ್ದು ನಾನೇ ಮಾರಾಯ. ಸೋಮವಾರದ ತನಕ ಏನೂ ಮುಟ್ಟಲ್ಲ ನಾನು," ಎಂದ ಭೂತಪ್ಪ.

ಮೊದಲ ದಿನ ಹೋಲ್ಡರ್ ಹಿಂದಕ್ಕೆ ಬಂದಾಗಲೆಲ್ಲ ಭೂತಪ್ಪನ ಕೈ ತಾನಾಗಿ ಏಳುತ್ತಿತ್ತು. ಎರಡನೆಯ ದಿನ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತ.

"ಸೊಂಟಕ್ಕೆ ಚೀಲ ಕಟ್ಕೊ, ರಾಡ್ ಅದ್ರಲ್ಲಿಟ್ಕೊ. ಸುತ್ತಿಗೆ ಎಡಕ್ಕೆ. ಎಡಕ್ಕೆ ಅಂದ್ನಲ್ಲೋ ಕೋಣ!"

"ಮಾವ, ನಾನು ಹೋದ್ರೆ ನೀನೇನ್ ಮಾಡ್ತೀಯ?"

"ಸಾವಿತ್ರಮ್ಮ ಬೇರೆ ವೆಲ್ಡರ್ ತರ್ತಾರೆ. ಅವನಿಗೂ ಹೆಲ್ಪರ್ ಬೇಕಲ್ಲ. ಮೊದ್ಲು ನೀನು ಪಾಸಾಗು."

ಶನಿವಾರ ಒಂದು ಗೇಟನ್ನು ಪರಮೇಶ್ ಒಬ್ಬನೇ ಮುಗಿಸಿದ. ಇಬ್ಬರೂ ಸೇರಿದರೆ ಐದು ಗಂಟೆ ಹಿಡಿಯುವ ಕೆಲಸ. ಈಗ ಐದೂಕಾಲು ಹಿಡಿದಿತ್ತು. ಸಾವಿತ್ರಮ್ಮ ಗಡಿಯಾರವನ್ನು ನೋಡಿದರು. ಆಮೇಲೆ ಸ್ಟೂಲಿನ ಮೇಲಿದ್ದವನನ್ನು ನೋಡಿದರು.

"ಒಬ್ನೇ ಮಾಡಿದ್ನಾ?"

ಪರಮೇಶ್ ಬಗ್ಗಿ ಕೇಬಲ್ ಸುತ್ತತೊಡಗಿದ.

"ಒಬ್ನೇ ಅಮ್ಮ! ನಾನು ಒಂದು ರಾಡನ್ನೂ ಮುಟ್ಟಿಲ್ಲ," ಎಂದ ಭೂತಪ್ಪ, ಹೆಮ್ಮೆಯಿಂದ.

ಸಾವಿತ್ರಮ್ಮ ಗೇಟಿನ ಬೆಸುಗೆಗಳ ಮೇಲೆ ಬೆರಳಾಡಿಸಿದರು. "ಹಂಗಾದ್ರೆ ಸೋಮವಾರದಿಂದ ನೀನು ಬರೋದು ಬೇಡ ಭೂತಪ್ಪ. ಇವನು ಹೋದ್ಮೇಲೆ ಬರೋನಿಗೂ ಹಿಂಗೇ ಮಾಡು ಅಂತೀನಿ. ಬೇಜಾರು ಮಾಡ್ಕೋಬೇಡ."

"ಅಮ್ಮ, ನಾನಿನ್ನೂ ಪಾಸಾಗಿಲ್ಲ," ಎಂದ ಪರಮೇಶ್. ಅವರು ಆಗಲೇ ಒಳಗೆ ಹೋಗಿದ್ದರು.

ಭೂತಪ್ಪ ಎದ್ದ. ತಂತಿ ಬ್ರಷ್ ತೆಗೆದುಕೊಂಡು ಗೇಟಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತ. ಪರಮೇಶ್ ಆಗಲೇ ಉಜ್ಜಿ ಹೊಳೆಯಿಸಿದ್ದ ಬೆಸುಗೆಗಳನ್ನು ಮೊದಲನೆಯದರಿಂದ ಒಂದೊಂದಾಗಿ ಉಜ್ಜತೊಡಗಿದ.