ಈ ಸಲ ತಿರುಗಲೇಬೇಕು

ಕಮತಗಿಯ ಮಲಕಪ್ಪನ ಮನೆಯಲ್ಲಿ ಭಾನುವಾರದ ಊಟವೆಂದರೆ ಗದ್ದಲವೇ ಗದ್ದಲ. ನಾಲ್ಕು ಹೆಣ್ಣುಮಕ್ಕಳು, ಒಬ್ಬಳ ತಾಟಿನ ಶೇಂಗಾ ಚಟ್ನಿ ಇನ್ನೊಬ್ಬಳ ತಾಟಿಗೆ, ಒಬ್ಬಳ ಜಡೆ ಇನ್ನೊಬ್ಬಳ ಕೈಯಲ್ಲಿ. ಅವನ ಹೆಂಡತಿ ಸಾವಂತ್ರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, ಬೈಯುತ್ತ, ನಡುವೆ ತಾನೇ ನಕ್ಕುಬಿಡುತ್ತಿದ್ದಳು. ಆ ಊಟಕ್ಕೆ ತಪ್ಪದೆ ಬರುವ ಅತಿಥಿ ಅಂದಾನಪ್ಪ. ಸಂತೆಯಲ್ಲಿ ಕಾಳು ತೂಗುವ ಕೆಲಸ ಅವನದು, ಮಲಕಪ್ಪನದು ಕುರಿ ವ್ಯಾಪಾರ, ಸಣ್ಣಂದಿನ ಗೆಳೆತನ. ಸಾವಂತ್ರವ್ವ ಬೇವೂರಿನವಳು, ಅಂದಾನಪ್ಪನ ತಾಯಿಯ ತವರೂ ಬೇವೂರೇ. ಅಷ್ಟು ಸಾಕಾಯಿತು, ಅವಳು ಅವನನ್ನು ಅಣ್ಣಾ ಎಂದಳು, ಮಕ್ಕಳು ಮಾಮಾ ಎಂದರು.

ಕೊನೆಯ ಕೂಸಿನ ಹೆಸರು ಸಾಕವ್ವ. ಹೆಣ್ಣು ಸಾಕು ಎಂದು ದೇವರಿಗೆ ತಿಳಿಯಲಿ ಅಂತ ಅಜ್ಜಿ ಹನಮವ್ವ ಇಟ್ಟ ಹೆಸರು. ಹೆತ್ತ ಕೂಸನ್ನು ದಿನಕ್ಕೆ ಹತ್ತು ಸಲ ಸಾಕು ಎಂದು ಕರೆಯುವ ಈ ರೂಢಿ ನಮ್ಮ ಊರುಗಳಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಆ ಕೂಸು ಪಾಪ, ಕರೆದಾಗಲೆಲ್ಲ ನಗುತ್ತಿತ್ತು.

ಉಂಡ ಮೇಲೆ ಗೆಳೆಯರಿಬ್ಬರೂ ಮಲಕಪ್ಪನ ತಮ್ಮ ಹುಲ್ಲಪ್ಪನನ್ನು ಕರೆದುಕೊಂಡು ಹಿತ್ತಲ ನೆರಳಿಗೆ ಹೋಗಿ ಇಸ್ಪೀಟಿಗೆ ಕೂಡುತ್ತಿದ್ದರು. ಮೂರೆಲೆಯ ಆಟ. ತಲೆಗೆ ಮೂರು ಎಲೆ; ಒಳ್ಳೆಯದು ಬಿದ್ದವನು ಪಣ ಏರಿಸಬೇಕು, ಕೆಟ್ಟದು ಬಿದ್ದವನು ಒಗೆದು ಸುಮ್ಮನಾಗಬೇಕು. ಮಲಕಪ್ಪ ಒಗೆಯುವ ಪೈಕಿ ಅಲ್ಲ. ಎಲೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚುತ್ತಿದ್ದ, ಮೂಡಣಕ್ಕೆ ಮುಖ ಮಾಡಿಯೇ ಕೂಡುತ್ತಿದ್ದ, ಬೆನ್ನ ಹಿಂದೆ ಯಾರಾದರೂ ಸುಳಿದರೆ ರೇಗುತ್ತಿದ್ದ. ಸಾಲಾಗಿ ನಾಲ್ಕು ಸಲ ಸೋತನೆಂದರೆ ಮಾತ್ರ ಅವನಿಗೆ ಎಲ್ಲಿಲ್ಲದ ಹುರುಪು.

“ನಾಕ ಸಲ ಹ್ವಾದ್ವು. ಈ ಸಲ ತಿರಗಾಕ ಬೇಕಲೇ!” ಎಂದು ಎಲೆ ನೋಡದೆಯೇ ಪಣ ಇಮ್ಮಡಿ ಮಾಡುತ್ತಿದ್ದ.

ಅಂದಾನಪ್ಪ ಒಳಗೊಳಗೇ ನಗುತ್ತಿದ್ದ. ಆರು ಸಲ ಎಲೆ ಹಂಚಿದರೆ ಹೆಚ್ಚುಕಡಿಮೆ ಒಂದು ಸಲ ಜೋಡಿ ಬೀಳುತ್ತದೆ, ಅದು ಯಾವ ಸಲ ಎಂದು ಯಾರೂ ಹೇಳಲಾರರು. ಇದನ್ನು ಅವನು ಆಡಿ ಆಡಿ ಕಂಡುಕೊಂಡಿದ್ದ. ಕಲೆಸಿದ ಎಲೆಗೆ ಹಿಂದಿನ ಆಟದ ನೆನಪಿಲ್ಲ. ಮಲಕಪ್ಪ ಸೋತು ಸುಣ್ಣವಾಗಿದ್ದಾನೆ ಎಂದು ಅದಕ್ಕೆ ಕನಿಕರವೂ ಇಲ್ಲ. ಇಷ್ಟನ್ನು ಗೆಳೆಯನಿಗೆ ತಿಳಿಸಿ ಹೇಳಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕಿತ್ತು. ಆದರೆ ಹೇಳಿದರೆ ಮಲಕಪ್ಪ ಹುಷಾರಾಗಿಬಿಡುತ್ತಾನಲ್ಲ! ಹತ್ತು ವರ್ಷದಿಂದ ಅಂದಾನಪ್ಪನ ಧೋತರ, ಅಂಗಿ, ಹಬ್ಬದ ಖರ್ಚು ನಡೆದದ್ದೇ ಗೆಳೆಯನ ಆ ಒಂದು ಮಾತಿನ ಮೇಲೆ. ಎಲ್ಲರೂ ಅವನ ಕೈಗುಣ ಹೊಗಳುತ್ತಿದ್ದರು. ಅವನೂ ತಲೆ ತಗ್ಗಿಸಿ “ದೈವ” ಎನ್ನುತ್ತಿದ್ದ.

೧೯೮೨ರ ಪಂಚಮಿಗೆ ಎಂಟು ದಿನ ಉಳಿದಿತ್ತು. ಸಾವಂತ್ರವ್ವ ಹಿರಿಯ ಮಗಳು ಪದ್ಮವ್ವನನ್ನು ಕರೆದುಕೊಂಡು ಅಂದಾನಪ್ಪನ ಮನೆಗೆ ಬಂದಳು. ಕೂಡು ಅಂದರೂ ಕೂಡಲಿಲ್ಲ.

“ಯಣ್ಣಾ, ನಾಕನೇದರಾಗ ರಕ್ತ ಹೋಗಿ ಸತ್ತು ಬದುಕೇನಿ. ಇನ್ನೊಂದು ಹಡದ್ರ ಉಳಿಯಂಗಿಲ್ಲ, ಆಪ್ರೇಶನ್ ಮಾಡಿಸ್ಕೋ ಅಂತಾರ ನರ್ಸಬಾಯಾರು. ಇವ್ರು ಒಪ್ಪವಲ್ರು. ನಾಕ ಹೆಣ್ಣಾಗ್ಯಾವ, ಐದನೇದು ಗಂಡಾಗಾಕ ಬೇಕು ಅಂತಾರ. ಅದು ಖರೆ ಏನಣ್ಣಾ? ನೀ ಲೆಕ್ಕ ಬಲ್ಲಾಂವ. ನೀ ಹೇಳಿದ್ರ ಕೇಳ್ತಾರ.”

ಉತ್ತರ ಅಂದಾನಪ್ಪನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕೂಸಿನ ವಿಷಯದಲ್ಲಿ ತಿರುಗುವುದಿಲ್ಲ ಎಂದು ಒಪ್ಪಿಸಿದರೆ ಎಲೆಯ ವಿಷಯದಲ್ಲೂ ಒಪ್ಪಿಸಿದಂತೆಯೇ. ವರ್ಷದ ದೊಡ್ಡ ಆಟ ಪಂಚಮಿಗೇ ನಡೆಯುವುದು.

“ದೈವಕ್ಕ ಬಿಟ್ಟದ್ದವ್ವಾ ತಂಗಿ. ನಾವೇನ ಹೇಳೂನು?” ಎಂದ.

ಅವಳು ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಬರುವಾಗ ಶೇಂಗಾ ಉಂಡಿ ಕಟ್ಟಿಕೊಂಡು ಬಂದಿದ್ದಳು. ಬರೆಯಲು ನನಗೇ ಸಂಕಟವಾಗುತ್ತದೆ, ಅಂದಾನಪ್ಪ ಅವನ್ನು ತಿಂದ.

ಹಬ್ಬ ಮುಗಿದ ವಾರ ನರ್ಸು ಖೈರುನಬಿ ತಾನೇ ಮಲಕಪ್ಪನ ಮನೆಗೆ ಬಂದಳು. ಅಂದಾನಪ್ಪ ಪಡಸಾಲೆಯಲ್ಲೇ ಇದ್ದ.

“ನಮ್ಮ ವಂಶದ ದೀಪಾ ಆರಸಾಕ ಬಂದೀಯೇನವಾ?” ಎಂದಳು ಹನಮವ್ವ.

“ದೀಪಾ ಹಚ್ಚಾಕ ಹೋಗಿ ಒಲೀನ ಆರಸಬ್ಯಾಡ್ರಿ ಯಮ್ಮಾ. ಆಕಿ ಮೈಯಾಗ ರಕ್ತ ಇಲ್ಲ.”

“ನಾ ಏಳು ಹಡದೇನಿ. ಯಾವ ದವಾಖಾನಿ ಕಂಡೇನಿ?”

“ಏಳರಾಗ ಉಳದದ್ದು ಎಷ್ಟ್ರಿ?”

ಉಳಿದದ್ದು ಎರಡು. ಹನಮವ್ವ ಮುಖ ತಿರುಗಿಸಿದಳು. ಮಲಕಪ್ಪ ಮಾತ್ರ ನಕ್ಕ. “ಬಾಯಾರ, ನಾಕ ಸಲ ರಾಣಿ ಬಿದ್ದಾಳ. ಐದನೇ ಸಲ ರಾಜಾ ಬೀಳಾಕ ಬೇಕ್ರಿ.”

“ಹಿಂದ ನಾಕ ಹೆಣ್ಣಿರಲಿ, ನಾಕ ಗಂಡಿರಲಿ, ಮುಂದಿಂದು ಅರ್ಧಕ್ಕರ್ಧನರಿ ಮಲಕಪ್ಪ. ಆಕಿ ಜೀವಾ ಉಳಿಯೂದು ಮಾತ್ರ ಅಷ್ಟೂ ಇಲ್ಲ.”

ಮಲಕಪ್ಪ ಗೆಳೆಯನತ್ತ ತಿರುಗಿದ. “ನೀ ಹೇಳಲೇ ಅಂದಾನಿ. ತಿರಗಂಗಿಲ್ಲೇನ?”

ಅಂದಾನಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ. ಬೇಗ ಬೇಗ ಮಡಚಿ ಬಾಯಿಗಿಟ್ಟುಕೊಂಡ. ಬಾಯಿ ತುಂಬಿದವನನ್ನು ಯಾರೂ ಮಾತಾಡು ಅನ್ನುವುದಿಲ್ಲ.

ದಸರೆಯ ಹೊತ್ತಿಗೆ ಸಾವಂತ್ರವ್ವ ಬಸುರಾಗಿದ್ದಳು. ವೈಶಾಖದ ಒಂದು ಬೆಳಿಗ್ಗೆ ಮನೆಯಲ್ಲೇ ಹೆರಿಗೆಯಾಯಿತು. ಗಂಡು! ಹನಮವ್ವ ಅಂಗಳಕ್ಕೆ ಬಂದು ತಾಟು ಬಾರಿಸಿದಳು, ಓಣಿಗೆಲ್ಲ ಸಕ್ಕರೆ ಹಂಚಿದಳು. ಒಳಗೆ ರಕ್ತ ನಿಲ್ಲಲೊಲ್ಲದು. ಖೈರುನಬಿ ಓಡಿ ಬಂದವಳು ಬಾಗಲಕೋಟಿಗೆ ಒಯ್ಯಿರಿ ಎಂದು ಚೀರಿದಳು. ಜೀಪು ಸಿಕ್ಕಿ ಹೊರಡುವಾಗ ಮಧ್ಯಾಹ್ನವಾಗಿತ್ತು. ಅಂದಾನಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಗಂಡಂತಲ್ಲಣ್ಣಾ?”

“ಹೂಂ, ತಂಗಿ.”

“ಚಲೋ ಆತು. ಇನ್ನ ನನ್ನ ಬಿಡ್ತಾರ” ಎಂದಳು. ಶಿರೂರು ಮುಟ್ಟುವ ಮೊದಲೇ ಅವಳ ಪ್ರಾಣ ಹೋಯಿತು.

ಅವಳ ದಿನಕರ್ಮದ ಊಟಕ್ಕೆ ಮಂದಿ ಸೇರಿತ್ತು. ಮಲಕಪ್ಪ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಕಪಟವಿಲ್ಲದ ಅಳು, ಹೆಂಡತಿಯನ್ನು ಅವನು ಪ್ರೀತಿಸುತ್ತಿದ್ದ. ಮೂಗು ಒರೆಸಿಕೊಂಡು ಅಂದ: “ಆಕಿ ನಸೀಬ ಅಷ್ಟ ಇತ್ತು. ಆದ್ರ ನನ್ನ ಮಾತು ಸುಳ್ಳಾತೇನು? ಐದನೇದು ತಿರಗಿತೋ ಇಲ್ಲೋ?”

ಹನಮವ್ವ ಹುಲ್ಲಪ್ಪನ ಹೆಂಡತಿಯ ಕಡೆ ನೋಡಿದಳು. ಬಡಕಲು ಹೆಣ್ಣು. “ನಿಂದೂ ಮೂರು ಹೆಣ್ಣಾಗ್ಯಾವ. ನಾಕನೇದು ತಿರಗತೈತಿ, ಅಂಜಬ್ಯಾಡ.” ಹುಲ್ಲಪ್ಪ ತಲೆಯಾಡಿಸಿದ.

ಅಂದಾನಪ್ಪ ಕೈಯೊಳಗಿನ ತುತ್ತನ್ನು ತಾಟಿಗೆ ಇಟ್ಟ. ಅವನು ಎದ್ದು ನಿಂತ.

“ತಿರಗಂಗಿಲ್ಲ, ಹುಲ್ಲಪ್ಪ! ಯಾವುದೂ ತಿರಗಂಗಿಲ್ಲ. ಹತ್ತ ವರ್ಷ ನಿಮ್ಮಣ್ಣ ಆ ಮಾತು ಅಂದಾಗೆಲ್ಲಾ ಅದು ಸುಳ್ಳು ಅಂತ ನನಗ ಗೊತ್ತಿತ್ತು. ನನಗ ಯಾವ ಕೈಗುಣಾನೂ ಇಲ್ಲ. ಕೆಟ್ಟ ಎಲಿ ಬಿದ್ರ ಒಗದು ಕೂಡತಿದ್ದೆ, ಅಷ್ಟ. ಇವನ ಹುಚ್ಚಿನ ಮ್ಯಾಲೆ ಉಂಡೇನಿ, ಉಟ್ಟೇನಿ.”

“ಮತ್ತ ಬಂತಲ್ಲೋ ಗಂಡು?” ಎಂದ ಮಲಕಪ್ಪ.

“ಬಂತು. ಹೆಣ್ಣೂ ಬರಬಹುದಿತ್ತು. ಕೆಟ್ಟ ಆಟ ಆಡಿ ಒಮ್ಮೆ ಗೆದ್ರ ಆ ಆಟ ಚಲೋ ಆಗಂಗಿಲ್ಲಲೇ. ನೀ ಪಣಕ್ಕ ಇಟ್ಟದ್ದು ಆಕಿ ಜೀವಾ. ಅದು ಹೋತು. ಇದಕ್ಕ ಗೆದ್ದೆ ಅಂತೀಯಾ?”

ಮಲಕಪ್ಪ ಕೂಸಿನ ಮುಖ ನೋಡುತ್ತ ಕೂತ. ಹುಲ್ಲಪ್ಪ ತಾಯಿಯ ಕಡೆ ನೋಡದೆ ಹೆಂಡತಿಗೆ ಹೇಳಿದ, “ನಾಳೆ ನರ್ಸಬಾಯಾರ ಕಡೆ ಹೋಗೂನು.” ಹನಮವ್ವ ಕೂಗಾಡಿದಳು. ಅವನು ಮಾತು ಬದಲಿಸಲಿಲ್ಲ. ಒಂದು ಮನೆಯಾದರೂ ಉಳಿಯಿತು ಎಂದು ಅಲ್ಲಿದ್ದ ಕೆಲವರಾದರೂ ಉಸಿರು ಬಿಟ್ಟಿರಬೇಕು.

ಬಾಗಿಲಲ್ಲಿ ಪದ್ಮವ್ವ ನಿಂತಿದ್ದಳು. ಹನ್ನೆರಡು ವರ್ಷದವಳು, ಸೊಂಟದ ಮೇಲೆ ತಂಗಿ. ಎಲ್ಲರ ನಡುವೆ ಹಾದು ಬಂದು ಅಂದಾನಪ್ಪನ ಎದುರಿಗೆ ನಿಂತಳು.

“ಮಾಮಾ, ಅವತ್ತ ನಮ್ಮವ್ವ ನಿಮ್ಮ ಮನಿಗೆ ಬಂದು ಇದನ್ನ ಕೇಳಿದ್ಲಲ್ಲ. ಅವತ್ತ ಯಾಕ ಹೇಳಲಿಲ್ಲ?”

ಅಷ್ಟು ಮಂದಿಯಲ್ಲಿ ಒಬ್ಬರೂ ಅವಳನ್ನು ಸುಮ್ಮನಿರಿಸಲಿಲ್ಲ. ಅವಳು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.