ಬೆನ್ನ ಮೇಲಿನ ಬಿಳಿಜೋಳ

ತೆನೆ, ಜೋಳದ ತೆನೆ, ಇಲ್ಲಿ, ಈ ಮೆಟ್ರೋದೊಳಗೆ — ದೀಪಾಂಜಲಿ ನಗರದಲ್ಲಿ ಹತ್ತಿ ಕಂಬಿ ಹಿಡಿದ ಅಮರೇಶನ ಕಣ್ಣಿಗೆ ಮೊದಲು ಬಿದ್ದದ್ದು ಅದೇ, ಎದುರಿಗೆ ಬೆನ್ನು ಮಾಡಿ ನಿಂತ ಹುಡುಗಿಯ ಕಡುಗೆಂಪು ರವಿಕೆಯ ಮೇಲೆ ಕಾಳು ತುಂಬಿ ಒಂದು ಕಡೆ ವಾಲಿದ ತೆನೆ, ಬೇರೆ ಯಾರದ್ದಾದರೂ ಇರಬಹುದೇ, ಇಲ್ಲ, ಈ ಊರಲ್ಲಿ ನವಿಲು ಹೊಲಿಯುತ್ತಾರೆ, ಕಮಲ ಹೊಲಿಯುತ್ತಾರೆ, ಆನೆ ಹೊಲಿಯುತ್ತಾರೆ, ಜೋಳ ಹೊಲಿಯುವವನು ತಾನೊಬ್ಬನೇ. ಕಾಳು ಕಾಳೂ ಗುರುತಿದೆ — ಕೆನೆಬಣ್ಣದ ಮಣಿಗಳು, ಬುಡಕ್ಕೆ ದಪ್ಪ, ತುದಿಗೆ ಸಣ್ಣ, ತೆನೆಯಲ್ಲಿ ಎಲ್ಲ ಕಾಳೂ ಒಂದೇ ಸಮ ಇರುತ್ತವೇನು, ನಡುನಡುವೆ ಮಣಿಯ ಬದಲು ದಾರದ ಗಂಟು, ಸುಟ್ಟು ತಿನ್ನುವ ಎಳೆಗಾಳಿನ ಹಾಗೆ ಬೆರಳಿಗೆ ಮೆತ್ತಗೆ ಸಿಗಲಿ ಅಂತಲೇ ಹಾಕಿದ್ದು, ಎಲೆಗೆ ಎರಡು ಬಗೆಯ ಹಸಿರು ರೇಷ್ಮೆ, ಒಣಗಿದ ಅಂಚಿಗೆ ಒಂದೆಳೆ ಕಂದು, ದಂಟಿಗೆ ಜರಿಯ ಸರಪಳಿ ಹೊಲಿಗೆ, ಕುಣಿಕೆಯೊಳಗಿಂದ ಕುಣಿಕೆ, ನೋಡು, ಲೈಟಿನಡಿ ಹೇಗೆ ಮಿನುಗುತ್ತಿದೆ, ಇಷ್ಟು ಚೆಂದ ಇತ್ತೇ ಇದು, ಮನೆಯ ಟ್ಯೂಬ್‌ಲೈಟಿನಲ್ಲಿ ಗೊತ್ತೇ ಆಗಿರಲಿಲ್ಲ. ಹೆಂಡತಿ ಕಲಾವತಿ ಜೊತೆಗಿರಬೇಕಿತ್ತು ಈಗ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ವಾಟರ್ ಟ್ಯಾಂಕರು ಅವನ ಡೆಲಿವರಿ ಬೈಕಿಗೆ ಗುದ್ದಿ, ಬಲಗಾಲಿಗೆ ರಾಡು ಹಾಕಿಸಿಕೊಂಡು ಅವನು ಬಿದ್ದಿದ್ದಾಗ, ಅವಳು ಕಾಮಾಕ್ಷಿಪಾಳ್ಯದ ಶಶಿಕಲಾ ಮೇಡಂ ಅಂಗಡಿಯಿಂದ ರವಿಕೆ ಬಟ್ಟೆ ತಂದು, ಅರ್ಧ ಕೋಣೆ ತುಂಬುವ ಚೌಕಟ್ಟಿಗೆ ಬಿಗಿದು ಹೊಲಿಯುತ್ತಿದ್ದಳು, ಫ್ಯಾನ್ ನೋಡಕೋತ ಮಕ್ಕೊಳ್ಳೋ ಬದಲಿ ಈ ಮಣಿ ಪೋಣಿಸಿ ಕೊಡು, ಅಂದಳು ಒಂದು ದಿನ, ಪೋಣಿಸಿದ, ಆಮೇಲೆ ಅವಳು ನೀರು ಹಿಡಿಯಲು ಹೋದಾಗ ಸುಮ್ಮನೆ ಒಂದು ಎಲೆ ಹೊಲಿದ, ಬಂದವಳು ಬಗ್ಗಿ ನೋಡಿ, ನೀನಽ ಮಾಡಿದೇನು, ಅಂದಳು, ಬಿಚ್ಚತೀನಿ ತಡಿ, ಅಂದ, ಬಿಚ್ಚಬ್ಯಾಡ, ಹಂಗಽ ಇರ್ಲಿ, ಅಂದಳು. ಹಾಗೇ ಉಳಿಯಿತು, ಅವನೂ ಉಳಿದ, ಕಾಲು ಕೂಡಿದ ಮೇಲೂ ಬೈಕಿಗೆ ಹಿಂತಿರುಗಲಿಲ್ಲ, ಆದರೆ ಹೇಳಿಕೊಳ್ಳುವುದು ಹೇಗೆ, ಗೆಳೆಯ ಬಸವಕಿರಣ್ ಬಂದು ಏನ್ ಗುರು, ಮನೇಲೇ ಇದೀಯಾ ಅಂದರೆ ಸೂಜಿಯನ್ನು ಹೆಂಡತಿಯ ಕಡೆ ಸರಿಸಿ, ಎಲ್ಲಾ ಇವಳದೇ ಕಣೋ, ಅನ್ನುತ್ತಿದ್ದ, ಶಶಿಕಲಾ ಮೇಡಂ ಕೂಡ ಈ ತೆನೆಯನ್ನೇ ಹಿಡಿದು ಕಲಾವತಿ, ನಿನ್ ಕೈಗೆ ದೃಷ್ಟಿ ತೆಗೀಬೇಕು ಕಣೇ ಅಂದಾಗ ಅವನು ಅಂಗಡಿಯ ಬಾಗಿಲಲ್ಲಿ ಚೀಲ ಹಿಡಿದು ಮಾಗಡಿ ರೋಡಿನ ಬಸ್ಸುಗಳನ್ನು ನೋಡುತ್ತಿದ್ದ, ಬರುವ ದಾರಿಯಲ್ಲಿ ಅವಳಿಗೆ ಸಿಟ್ಟು, ನೀ ಮಾಡಿದ್ದಕ್ಕ ನಾ ಹೊಗಳಿಸ್ಕೊಳ್ಳಾಕ ನನಗಽ ನಾಚಿಕಿ ಬರತೈತಿ.

ಅದೇನದು, ದಂಟಿನ ಬುಡದಲ್ಲಿ — ಜರಿಯ ತುದಿ ಹೊರಗೆ ಬಂದಿದೆ, ಹುಡುಗಿಯ ಬೆನ್ನಿಗೆ ಒತ್ತಿಕೊಂಡು ನಿಂತ ಕಾಲೇಜು ಹುಡುಗನ ಬ್ಯಾಗಿನ ಜಿಪ್ಪಿಗೆ ಸಿಕ್ಕಿ ಗಂಟು ಬಿಚ್ಚಿದೆ, ಒಂದು ಕುಣಿಕೆ ಹೋಯಿತು, ಸರಪಳಿ ಹೊಲಿಗೆಯ ಗುಣವೇ ಅದು, ತುದಿ ಎಳೆದರೆ ಸರಸರ ಬುಡದಿಂದ ತುದಿಯವರೆಗೆ ಬಿಚ್ಚುತ್ತದೆ, ದಂಟಿನ ಜರಿಗೇ ಕೂಡಿಸಿದ ಮಣಿಗಳೂ ಉದುರುತ್ತವೆ, ಅತ್ತಿಗುಪ್ಪೆ ಬರುತ್ತಿದೆ, ಬ್ಯಾಗಿನವನು ಬಾಗಿಲ ಕಡೆ ಮೈ ತಿರುಗಿಸುತ್ತಿದ್ದಾನೆ, ಎರಡನೆಯ ಕುಣಿಕೆ, ಪರಹೆಣ್ಣಿನ ಬೆನ್ನು, ಕೈ ಹಾಕುವುದು ಹೇಗೆ, ಮೂರು — ನಿಲ್ಲು ಗುರು, ಅಲ್ಲೇ ನಿಲ್ಲು, ಅಂದ ಅಮರೇಶ, ದನಿ ಇಡೀ ಬೋಗಿಗೆ ಕೇಳಿಸಿತು, ಕೈ ಆಗಲೇ ಜಿಪ್ಪನ್ನು ಹಿಡಿದಿತ್ತು. ಪಕ್ಕದಲ್ಲಿದ್ದ ಹುಡುಗಿಯ ತಾಯಿ ನಡುವೆ ಬಂದರು, ಏನ್ರೀ ಇದು, ದೂರ ನಿಂತ್ಕೊಳ್ಳಿ, ಸ್ಮೃತಿ, ಈಚೆ ಬಾ. ಬರಬೇಡಿ ಮೇಡಂ, ಅಲ್ಲಾಡಬೇಡಿ, ದಾರ ಸಿಕ್ಕೊಂಡಿದೆ, ಎಳೆದ್ರೆ ಪೂರ್ತಿ ಬಿಚ್ಕೊಳ್ಳುತ್ತೆ, ಅಂದ ಹುಡುಗಿಗೆ. ನಿಮಗ್ಹೇಗ್ರೀ ಗೊತ್ತು, ಅಂದರು ತಾಯಿ. ಸುತ್ತಲಿನವರು ನೋಡುತ್ತಿದ್ದಾರೆ, ಒಬ್ಬ ಫೋನ್ ಎತ್ತಿದ್ದಾನೆ, ನಾಲಿಗೆಯ ತುದಿಯಲ್ಲಿ ರೂಢಿಯ ಮಾತು, ನನ್ನ ಹೆಂಡತಿ ಮಾಡಿದ್ದು, ಅಂದುಬಿಟ್ಟರೆ ಮುಗಿಯಿತು — ನಾನೇ ಹೊಲಿದದ್ದು, ಅಂದ. ನನ್ನ ಕೈಯಾಗಿನ ಕೆಲಸ ಇದು ಅಮ್ಮಾ.

ಜಿಪ್ಪಿನಿಂದ ದಾರ ಬಿಡಿಸಿದ, ಬ್ಯಾಗಿನವನು ಸಾರಿ ಅಣ್ಣ ಎಂದು ಇಳಿದುಹೋದ. ಇರಮ್ಮ, ಸರಿ ಮಾಡ್ಲಿ, ಅಂದಳು ಹುಡುಗಿ ಕತ್ತು ತಿರುಗಿಸದೆ, ಬೇಗ ಮಾಡಿ ಅಣ್ಣ, ವಿಜಯನಗರದಲ್ಲಿ ಇಳೀಬೇಕು, ಅಕ್ಕನ ನಿಶ್ಚಿತಾರ್ಥ. ಅಂಗಿಯ ಕಾಲರಿನೊಳಗೆ ಸದಾ ಇರುವ ಸೂಜಿ ಕೈಗೆ ಬಂತು, ರೈಲು ಹೊರಟಿತು, ರಾಡಿನ ಕಾಲು ಊರಿ ನಿಂತ, ಈ ಕಾಲು ಇವತ್ತು ನಡುಗಬಾರದು, ನಡುಗಲಿಲ್ಲ, ದೂರ ನಿಲ್ಲಿ ಅಂದಿದ್ದ ತಾಯಿ ತಮ್ಮ ಸೆರಗನ್ನೇ ಅಗಲಿಸಿ ಮರೆ ಹಿಡಿದರು, ಬಿಚ್ಚಿದ ಕುಣಿಕೆಗಳನ್ನು ಒಂದೊಂದಾಗಿ ಮತ್ತೆ ಕೂಡಿಸಿ, ಕೊನೆಯದರ ಕುತ್ತಿಗೆಗೆ ತುದಿ ಸುತ್ತಿ ಬಿಗಿದ, ಹಲ್ಲಿನಿಂದ ಕಡಿಯುವ ಹಾಗಿಲ್ಲ, ಉಳಿದ ಎಳೆಯನ್ನು ದಂಟಿನ ಅಡಿಗೇ ಹುದುಗಿಸಿದ. ಇದು ಗೋಧೀನಾ ಅಣ್ಣ, ಕೇಳಿದಳು ಹುಡುಗಿ, ಅಂಗಡೀಲಿ ಹಂಗಂದ್ರು, ನಾನು ಜೋಳ ಅಂದೆ. ಜೋಳನೇ, ಬಿಳಿಜೋಳ, ಅಂದ. ಬಾಗಿಲು ತೆರೆಯಿತು. ನಿಮ್ಮ ಹೆಸರೇನಪ್ಪಾ, ಇಳಿಯುತ್ತಾ ತಾಯಿ ಕೇಳಿದರು. ಅಮರೇಶ, ಅಂದ, ಇನ್ನೊಮ್ಮೆ, ಜೋರಾಗಿ, ಅಮರೇಶ, ಆ ಫೋನಿನವನಿಗೂ ಕೇಳಲಿ. ಗಾಜಿನಾಚೆ ಜನ, ತಲೆಗಳು, ಚೀಲಗಳು, ಒಂದು ಕಡುಗೆಂಪು ಬೆನ್ನು ದೂರ ಸರಿಯುತ್ತಿದೆ, ಜಡೆಯ ಮಲ್ಲಿಗೆ ಮಾಲೆ ಅತ್ತ ಸರಿದಾಗ ಮತ್ತೆ ಪೂರ್ತಿ ಕಾಣಿಸಿತು, ರೈಲು ಜಗ್ಗಿತು, ಅವನು ಕಂಬಿ ಹಿಡಿಯಲಿಲ್ಲ, ಒಂದು ಕಾಳೂ ಉದುರದ ತೆನೆ, ತೂಕಕ್ಕೆ ಬಾಗಿದ ತೆನೆ —